ಅಣ್ಣ ಬೇರೆ ಮನೆ ಮಾಡಿದ್ದು

ನಮ್ಮಣ್ಣ ನಲವತ್ತಾರನೆಯ ವಯಸ್ಸಿನಲ್ಲಿ ಬೇರೆ ಮನೆ ಮಾಡಿದ. ಈ ಸುದ್ದಿ ಕೇಳಿದ ದೂರದ ನೆಂಟರು, ಮದುವೆ ಯಾವಾಗ ಆಯಿತು, ನಮಗೆ ಹೇಳಲೇ ಇಲ್ಲವಲ್ಲ ಎಂದು ಮುನಿಸಿಕೊಂಡರು. ಹತ್ತಿರದವರು, ಅಂದರೆ ಅಣ್ಣನನ್ನು ಬಲ್ಲವರು, ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟರು. ಹೆತ್ತ ತಾಯಿ ಬದುಕಿರುವಾಗಲೇ ಅವನನ್ನು ಸಾಗಹಾಕುತ್ತಿದ್ದಾಳೆ ಈ ಗಟ್ಟಿಗಿತ್ತಿ ಎಂದು ನಮ್ಮ ಚಿಕ್ಕಮ್ಮ ಒಬ್ಬರು ಮದುವೆಮನೆಯ ಪಂಕ್ತಿಯಲ್ಲಿ ಕೂತು ಹೇಳಿದರಂತೆ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಆದರೂ ಆ ಸಲ ಸುಮ್ಮನಿದ್ದೆ. ಹೇಳಿಕೊಳ್ಳಲಿ ಬಿಡಿ, ಅವರೇನೂ ಒಂದು ದಿನ ಅವನ ತಲೆ ಬಾಚಿದವರಲ್ಲ.

ಅಣ್ಣ ನನಗಿಂತ ಐದು ವರ್ಷ ದೊಡ್ಡವನು. ಹುಟ್ಟಿದಾಗಿನಿಂದ ಅವನ ಬುದ್ಧಿಯ ಬೆಳವಣಿಗೆ ನಿಧಾನ. ಡಾಕ್ಟರು ಕೊಟ್ಟ ಸರ್ಟಿಫಿಕೇಟಿನಲ್ಲಿ ಅದಕ್ಕೆ ಏನೋ ಒಂದು ಪದ ಬರೆದಿದ್ದಾರೆ, ನನಗೆ ಆ ಪದ ಕಂಡರಾಗದು. ಲೆಕ್ಕ ಬಾರದು, ಓದು ಬಾರದು, ಮಾತು ನಾಲ್ಕೈದು ಪದಕ್ಕೆ ಮುಗಿಯುತ್ತದೆ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಇನ್ನೂರು ಕಾರುಗಳಲ್ಲಿ ಯಾವುದು ಯಾರದೆಂದು ಅವನಿಗೆ ಗೊತ್ತು, ಸೆಕ್ಯುರಿಟಿಯವರು ಅವನನ್ನೇ ಕೇಳುತ್ತಿದ್ದರು. ಹಟ ಮಾತ್ರ ನಮ್ಮಿಬ್ಬರದೂ ಒಂದೇ. ಅದು ಅಪ್ಪನ ಕಡೆಯಿಂದ ಬಂದದ್ದು ಎಂದು ಅವ್ವ ಹೇಳುತ್ತಿದ್ದಳು.

ನಮ್ಮದು ದಾವಣಗೆರೆ ಕಡೆ. ಅಪ್ಪ ತೀರಿಕೊಂಡ ಮೇಲೆ ಅವ್ವನೂ ಅಣ್ಣನೂ ವೈಟ್‌ಫೀಲ್ಡಿನ ನಮ್ಮ ಫ್ಲ್ಯಾಟಿಗೆ ಬಂದರು. ನಾನು ಬ್ಯಾಂಕಿನಲ್ಲಿದ್ದೆ, ನಮ್ಮ ಯಜಮಾನರು ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವುದರಲ್ಲೇ ದಿನದ ಅರ್ಧ ಕಳೆಯುತ್ತಿದ್ದರು. ಅಣ್ಣನ ಲೋಕವೆಲ್ಲ ಅವ್ವ. ಅವಳೇ ರೊಟ್ಟಿ ಮುರಿದು ಪಲ್ಯ ಹಚ್ಚಿಕೊಡುತ್ತಿದ್ದಳು, ಅವಳೇ ಅಂಗಿಯ ಗುಂಡಿ ಹಾಕುತ್ತಿದ್ದಳು, ಚಹಾ ಆರಿಸಿ ಕೈಗೆ ಕೊಡುತ್ತಿದ್ದಳು. ಅಡುಗೆಮನೆಗೆ ಅವನು ಕಾಲಿಟ್ಟರೆ ಒಲೆ ಹತ್ತಿರ ಬರಬೇಡ ಎಂದು ಕೂಗು. ಎಪ್ಪತ್ತು ದಾಟಿದ ಮುದುಕಿ ನಲವತ್ತು ದಾಟಿದ ಗಂಡಸಿಗೆ ಗುಂಡಿ ಹಾಕುವುದನ್ನು ನೋಡಿ ನನಗೆ ಒಮ್ಮೊಮ್ಮೆ ರೇಗಿಹೋಗುತ್ತಿತ್ತು.

ಒಂದು ಬೆಳಿಗ್ಗೆ ಹಾಗೇ ರೇಗಿದೆ. ಅವ್ವ ಗುಂಡಿ ಹಾಕುವುದನ್ನು ನಿಲ್ಲಿಸದೆ ಹೇಳಿದಳು, "ನಾ ಇರೋತನಕ ಸರಿ. ಆಮ್ಯಾಲೆ?"

ನಾನಿಲ್ಲವೇ ಎಂದೆ.

"ನಿಂಗೂ ವಯಸ್ಸಾಗ್ತೈತಲ್ಲವಾ," ಎಂದಳು ಅವ್ವ.

ಬ್ಯಾಂಕಿನಲ್ಲಿ ಆ ದಿನವೆಲ್ಲ ನನಗೆ ಅದೇ ಮಾತು. ನನಗಾಗಲೇ ಮಂಡಿನೋವು ಶುರುವಾಗಿತ್ತು. ಅವ್ವನ ನಂತರ ನಾನು, ನನ್ನ ನಂತರ ಯಾರು? ಅಣ್ಣನಿಗೆ ಎಪ್ಪತ್ತಾದಾಗ ಅವನು ಎಲ್ಲಿರುತ್ತಾನೆ?

ಅಣ್ಣ ಹಗಲು ಹೊತ್ತು ಹೋಗುತ್ತಿದ್ದ ತರಬೇತಿ ಸೆಂಟರಿನಲ್ಲಿ ನನ್ನಂತೆಯೇ ತಲೆ ಕೆಡಿಸಿಕೊಂಡ ಇನ್ನೂ ಮೂರು ಮನೆಯವರು ಸಿಕ್ಕರು. ನಾಲ್ವರೂ ಸೇರಿ ನಿರ್ಧಾರಕ್ಕೆ ಬಂದೆವು: ನಮ್ಮ ಹುಡುಗರಿಗೆ ಹಾಸ್ಟೆಲ್ ಬೇಡ, ಆಶ್ರಮ ಬೇಡ, ಒಂದು ಮನೆ ಬೇಕು. ನಾಲ್ಕು ಕೋಣೆ, ಒಂದು ಅಡುಗೆಮನೆ, ಮಹಡಿಯಲ್ಲಿ ಸಹಾಯಕ್ಕೆ ಗಂಡ ಹೆಂಡತಿ ಒಂದು ಜೋಡಿ. ಹುಡುಗರು ಎಂದೆ, ಅವರಲ್ಲಿ ಚಿಕ್ಕವನಿಗೇ ಮೂವತ್ತು ದಾಟಿತ್ತು. ಆ ಚಿಕ್ಕವನು ವೀಲ್‌ಚೇರಿನಲ್ಲಿ ಓಡಾಡುವವನು, ಯಾರು ಏನು ಹೇಳಿದರೂ ಮೊದಲು ಜೋರಾಗಿ ನಕ್ಕು ಆಮೇಲೆ ಕೇಳಿಸಿಕೊಳ್ಳುವವನು.

ಮನೆ ಹುಡುಕಲು ಹೊರಟರೆ ಶುರುವಾಯಿತು ನೋಡಿ ಫಜೀತಿ. ಬ್ರೋಕರುಗಳ ಮೊದಲ ಪ್ರಶ್ನೆ, ಫ್ಯಾಮಿಲಿಯೋ ಬ್ಯಾಚುಲರೋ? ನಾಲ್ಕು ಜನ ಗಂಡಸರು, ಮದುವೆಯಾಗಿಲ್ಲ ಎಂದರೆ ಸಾಕು, ಫೋನು ಕಟ್. ಐಟಿ ಪಾರ್ಕಿನ ಸುತ್ತ ಬ್ಯಾಚುಲರುಗಳಿಗೆ ಮನೆ ಕೊಟ್ಟು ಸುಸ್ತಾದ ಓನರುಗಳು ಅವರು. ಕುಡಿತ, ಜೋರು ಮ್ಯೂಸಿಕ್ಕು, ಸರಿರಾತ್ರಿಯಲ್ಲಿ ಬೈಕು. ನಮ್ಮವರು ಅಂಥವರಲ್ಲ ಎಂದು ವಿವರಿಸಲು ಹೋದರೆ, ಎಲ್ಲರೂ ಹಾಗೇ ಅಂತಾರೆ ಮೇಡಂ ಎನ್ನುತ್ತಿದ್ದರು. ಬೆಳವಣಿಗೆ ನಿಧಾನವಾದವನು ಎಂಬ ಕಾರಣಕ್ಕೆ ಅಣ್ಣನನ್ನು ಶಾಲೆಯಿಂದ ಕಳಿಸಿದ್ದರು, ಬಸ್ಸಿನಿಂದ ಇಳಿಸಿದ್ದರು. ಪುಂಡ ಬ್ಯಾಚುಲರ್ ಎಂದು ಅವನನ್ನು ಯಾರಾದರೂ ಬೇಡವೆಂದದ್ದು ಅದೇ ಮೊದಲು. ಸಿಟ್ಟು ಬರಬೇಕಾದ ಜಾಗದಲ್ಲಿ ನನಗೆ ನಗು ತಡೆಯಲಾಗಲಿಲ್ಲ.

ಕಡೆಗೆ ಪಟ್ಟಂದೂರು ಅಗ್ರಹಾರದಲ್ಲಿ ಒಬ್ಬ ಓನರ್ ಸಿಕ್ಕರು. ಅಲ್ಲೇ ಹುಟ್ಟಿ ಬೆಳೆದವರು. ಅವರಪ್ಪನ ಕಾಲದಲ್ಲಿ ರಾಗಿ ಹೊಲ, ಇವರ ಕಾಲದಲ್ಲಿ ಅದೇ ಜಾಗದಲ್ಲಿ ಸಾಲು ಬಾಡಿಗೆ ಕೋಣೆ. ಹೊಲ ಹೋದ ಮೇಲೆ ಇಪ್ಪತ್ತು ವರ್ಷ ಫ್ಯಾಕ್ಟರಿ ಬಸ್ಸು ಓಡಿಸಿದ್ದರಂತೆ. ಹಳೆಯ ಕೋಣೆಗಳನ್ನು ಕೆಡವಿ ಹೊಸದು ಕಟ್ಟಲು ಹೊರಟಿದ್ದರು. ನಮ್ಮ ಕಥೆಯನ್ನೆಲ್ಲ ಕೇಳಿಸಿಕೊಂಡು ಕೇಳಿದ್ದು ಎರಡೇ ಪ್ರಶ್ನೆ. ಕುಡೀತಾರಾ? ಇಲ್ಲ. ರಾತ್ರಿ ಎಷ್ಟೊತ್ತಿಗೆ ಮಲಗುತ್ತಾರೆ? ಒಂಬತ್ತಕ್ಕೆ.

"ಅಂಗಾದ್ರೆ ಅವ್ರಿಗೇ ಕೊಡ್ತೀನಿ ಬಿಡಿ. ಇಂತ ಬಾಡಿಗೆದಾರರು ಎಲ್ ಸಿಗ್ತಾರೆ," ಎಂದರು.

ಕೆಳಗಿನ ಮನೆಯನ್ನು ನಮಗೆ ಬೇಕಾದಂತೆ ಕಟ್ಟಿಕೊಡಲೂ ಒಪ್ಪಿದರು. ವೀಲ್‌ಚೇರ್ ತಿರುಗುವಷ್ಟು ಅಗಲದ ಬಾಗಿಲು, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಕೂತೇ ಕೆಲಸ ಮಾಡಬಹುದಾದ ಅಡುಗೆ ಕಟ್ಟೆ, ಒಂದೊಂದು ಕೋಣೆಯ ಬಾಗಿಲಿಗೆ ಒಂದೊಂದು ಬಣ್ಣ. ಎಲ್ಲಕ್ಕೂ ತಲೆಯಾಡಿಸಿದವರು ಹೊಸಿಲು ಬೇಡ ಎಂದ ಕೂಡಲೇ ಬೆಚ್ಚಿಬಿದ್ದರು. ಹೊಸಿಲಿಲ್ಲದ ಮನೆಯೇ, ಅದು ಗೋಡೌನು ಎಂದರು. ಎರಡು ದಿನ ಯೋಚನೆ ಮಾಡಿ, ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿಸಿ, ಅದನ್ನು ನೆಲದ ಮಟ್ಟಕ್ಕೆ ಹೂತು ಕೂರಿಸಿದರು. ಶಾಸ್ತ್ರವೂ ಉಳಿಯಿತು, ಗಾಲಿಗೂ ದಾರಿಯಾಯಿತು.

ತಕರಾರು ಬಂದದ್ದು ಮೇಸ್ತ್ರಿಯಿಂದ. ಮನೆಯ ಮುಂದೆ ಇಳಿಜಾರು ಬೇಕು ಎಂದಿದ್ದೆವು. ಬೆಂಗಳೂರಿನ ಮೇಸ್ತ್ರಿಗೆ ಇಳಿಜಾರು ಎಂದರೆ ಒಂದೇ, ಸ್ಕೂಟರ್ ಹತ್ತಿಸುವುದು. ಗೇಟಿನಿಂದ ಬಾಗಿಲಿಗೆ ಮೂರೇ ಹೆಜ್ಜೆಯಲ್ಲಿ ಸರ್ರನೆ ಏರುವಂಥದ್ದನ್ನು ಕಟ್ಟಿಟ್ಟಿದ್ದ. ಇದು ತೀರ ಕಡಿದಾಯಿತು ಎಂದರೆ ಕೇಳಲಿಲ್ಲ. ಎಂಥ ಗಾಡಿಯೂ ಆರಾಮಾಗಿ ಹತ್ತುತ್ತೆ ಎಂದು ವಾದ. ನಾನು ಅಲ್ಲಿ ಬಾಯಿ ಮಾಡಲಿಲ್ಲ. ಮರುದಿನ ಸೆಂಟರಿನಿಂದ ಒಂದು ವೀಲ್‌ಚೇರ್ ಆಟೋದಲ್ಲಿ ಹಾಕಿಸಿಕೊಂಡು ಬಂದು ಅವನೆದುರು ಇಟ್ಟೆ. ಕೂತ್ಕೊಳಪ್ಪ, ಹತ್ತು ನೋಡೋಣ ಎಂದೆ. ಗಾರೆ ಕೆಲಸದವರೆಲ್ಲ ಬಾಣಲಿ ಕೆಳಗಿಟ್ಟು ನಿಂತರು. ಪುಣ್ಯಾತ್ಮ ಮೀಸೆ ತಿರುವಿ ಕೂತ, ಗಾಲಿ ನೂಕಿದ, ಅರ್ಧ ಹತ್ತಿದ, ಆಮೇಲೆ ಹಿಂದು ಹಿಂದಕ್ಕೆ ಜಾರಿ ಬಂದು ಮರಳಿನ ರಾಶಿಗೆ ಹೋಗಿ ಕೂತ. ಅವನ ಹೆಂಡತಿಯೂ ಅಲ್ಲೇ ಕೆಲಸಕ್ಕಿದ್ದಳು. ಎಲ್ಲರಿಗಿಂತ ಜಾಸ್ತಿ ನಕ್ಕವಳು ಅವಳೇ.

ಮರುದಿನ ಅವನೇ ಸುತ್ತಿಗೆ ಹಿಡಿದು ಅದನ್ನು ಒಡೆದ. ಹೊಸದು ಅಂಗಳದ ತುಂಬ ಉದ್ದಕ್ಕೆ ಬಂತು. ಬೈಕು ನಿಲ್ಲಿಸುವ ಜಾಗವೆಲ್ಲ ಹೋಯಿತಲ್ಲ ಎಂದು ಓನರ್ ಗೊಣಗಿದಾಗ, ನೀವೊಂದ್ಸಲ ಕೂತು ನೋಡಿ ಅಣ್ಣ ಎಂದು ಮೇಸ್ತ್ರಿಯೇ ಅವರ ಬಾಯಿ ಮುಚ್ಚಿಸಿದ.

ಅಣ್ಣನಿಗೆ ಆ ಮನೆ ಹುಚ್ಚು ಹಿಡಿಸಿಬಿಟ್ಟಿತು. ಭಾನುವಾರ ಬೆಳಿಗ್ಗೆ ಎದ್ದರೆ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದ. ಹೊಸ ಗೋಡೆಗೆ ನೀರು ಹೊಡೆಯುವ ಕೆಲಸವನ್ನು ಯಾರೂ ಕೇಳದೆ ತಾನೇ ವಹಿಸಿಕೊಂಡಿದ್ದ. ಒಂದಂಗುಲ ಜಾಗವೂ ಒಣ ಉಳಿಯುವಂತಿಲ್ಲ. ಗೋಡೆಯ ಜೊತೆ ಮೇಸ್ತ್ರಿ, ಓನರ್, ಅವರು ಓದುತ್ತ ಕೂತ ಪೇಪರು, ಎಲ್ಲವೂ ನೆನೆಯುತ್ತಿದ್ದವು. ನನ್ನ ಅಣ್ಣ ಅಷ್ಟು ಖುಷಿಯಾಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅವ್ವ ಮಾತ್ರ ಒಂದು ದಿನವೂ ಆ ಕಡೆ ತಲೆ ಹಾಕಲಿಲ್ಲ. ನಾನು ಫೋಟೋ ತೋರಿಸಿದರೆ ಕನ್ನಡಕ ಸಿಗಲಿಲ್ಲ ಎನ್ನುವಳು. ಮನೆ ತೆರೆಯುವ ಹಿಂದಿನ ದಿನ ತನ್ನ ಷರತ್ತು ಹೇಳಿದಳು. "ನಾನೂ ಬರ್ತೀನಿ. ನನ್ನ ಮನಸ್ಸು ಒಪ್ಪಿದ್ರೆ ಬಿಟ್ ಬರ್ತೀನಿ. ಇಲ್ಲಾಂದ್ರೆ ಅದೇ ಆಟೋದಾಗೆ ವಾಪಸ್ ಕರಕಂಡ್ ಬರ್ತೀನಿ. ಆಮ್ಯಾಲೆ ನೀ ಏನೂ ಮಾತಾಡಂಗಿಲ್ಲ."

ಒಪ್ಪದೆ ಗತಿಯಿರಲಿಲ್ಲ. ಅವಳ ಮಾತು ಮೀರಿ ಅವನನ್ನು ಅಲ್ಲಿ ಬಿಡಲು ನನ್ನಿಂದ ಆಗುತ್ತಿರಲಿಲ್ಲ. ಅವ್ವ ಬೇಡವೆಂದರೆ ಅವನ ಕೋಣೆ ಸರತಿಯಲ್ಲಿ ಕಾದಿದ್ದ ಬೇರೊಬ್ಬರಿಗೆ ಹೋಗುತ್ತದೆ, ಮತ್ತೊಂದು ಮನೆ ಮತ್ತೆ ಎಂದಿಗೋ. ಅವಳು ಅವನ ಬ್ಯಾಗಿಗೆ ತುಂಬಿದ್ದು ಎರಡೇ ಜೊತೆ ಬಟ್ಟೆ. ಅದನ್ನು ನೋಡಿಯೇ ನನ್ನ ಅರ್ಧ ಜೀವ ಹೋಯಿತು.

ಮನೆ ತೆರೆಯುವ ದಿನ ಬಾಗಿಲಿಗೆ ಮಾವಿನ ತೋರಣ, ಗೇಟಿಗೆ ಬಾಳೆ ಕಂಬ. ಹಾಲು ಉಕ್ಕಿಸದೆ ಯಾವ ಬಾಡಿಗೆದಾರರೂ ತಮ್ಮ ಮನೆಯಲ್ಲಿ ಒಲೆ ಹಚ್ಚಕೂಡದು ಎಂಬುದು ಓನರ್ ಹಾಕಿದ ಕಟ್ಟಳೆ. ಮೂಟೆ ಹೊರುವವನಿರಲಿ, ಮೂರು ದೇಶ ಸುತ್ತಿದ ಇಂಜಿನಿಯರಿರಲಿ, ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದ ಮೇಲೇ ಸಾಮಾನು ಒಳಗೆ. ಹಾಲು ಉಕ್ಕಿದರೆ ಸಂಸಾರ ಉಕ್ಕುತ್ತದೆ, ಉಕ್ಕದಿದ್ದರೆ ಆ ಮನೆಯಲ್ಲಿ ಯಾರೂ ನಿಲ್ಲುವುದಿಲ್ಲ ಎಂದು ಅವರ ನಂಬಿಕೆ. ಅವ್ವನದೂ ಅದೇ.

ಯಾರು ಉಕ್ಕಿಸಬೇಕು ಎಂದು ನಾಲ್ಕು ಮನೆಯ ತಾಯಂದಿರಲ್ಲಿ ಸಣ್ಣಗೆ ನೀವು ಮಾಡಿ ತಾವು ಮಾಡಿ ನಡೆದಿತ್ತು. ಓನರ್ ತಡೆದರು. "ಇಲ್ಲಿ ಬಾಳೋರು ಯಾರೋ ಅವ್ರೇ ಉಕ್ಕಿಸ್ಬೇಕು. ನೀವೆಲ್ಲ ಬಂದೋರು, ಅತ್ಲಾಗೆ ಕೂತ್ಕಳಿ," ಎಂದರು. ನಾಲ್ವರಲ್ಲಿ ಹಿರಿಯವನು ನಮ್ಮಣ್ಣ. ಅವನ ಕೈಗೆ ಲೈಟರ್ ಬಂತು. ಅಡುಗೆಮನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ತೊಡೆಯ ಮೇಲೆ ಬ್ಯಾಗ್ ಇಟ್ಟುಕೊಂಡು ಕೂತಿದ್ದ ಅವ್ವ ಎದ್ದೇಬಿಟ್ಟಳು. ನಾನು ಅವಳ ಭುಜ ಹಿಡಿದು ಕೂರಿಸಿದೆ.

ಅಣ್ಣ ಒಂದೇ ಸಲಕ್ಕೆ ಗ್ಯಾಸ್ ಹಚ್ಚಿದ. ಹೊಸ ಪಾತ್ರೆ, ಹೊಸ ಒಲೆ, ಸುತ್ತ ಮೂವತ್ತು ಜನ. ಅವನು ಬಗ್ಗಿ ಪಾತ್ರೆಯೊಳಗೇ ಕಣ್ಣು ನೆಟ್ಟು ನಿಂತ. ಹಾಲು ಸುತ್ತಲೂ ನೊರೆಗಟ್ಟಿತು, ನಡುವೆ ಉಬ್ಬಿತು, ಅಂಚಿಗೆ ಬಂತು. ನಾವೆಲ್ಲ ಚಪ್ಪಾಳೆಗೆ ಕೈ ಎತ್ತಿದ್ದೆವು. ಟಕ್ಕನೆ ಅವನು ಒಲೆ ಆರಿಸಿದ. ಹಾಲು ಸುಮ್ಮನೆ ಕೆಳಗಿಳಿಯಿತು.

ಎತ್ತಿದ ಕೈ ಎತ್ತಿದಂತೆ ನಿಂತೆವು. ಪರವಾಗಿಲ್ಲ, ಇನ್ನೊಂದು ಸಲ ಹಚ್ಚಪ್ಪ ಎಂದರು ಓನರ್. ಹಚ್ಚಿದ. ಮತ್ತೆ ಹಾಲು ಅಂಚಿಗೆ ಬಂತು, ಮತ್ತೆ ಟಕ್. ಬಿಡೋ, ಚೆಲ್ಲಲಿ ಬಿಡೋ ಎಂದು ನಾನು ಅಂಗಲಾಚಿದೆ. ಮೂರನೆಯ ಸಲವೂ ಅದೇ. ಸೇರಿದವರಲ್ಲಿ ಗುಸುಗುಸು ಶುರುವಾಯಿತು. ಅಪಶಕುನ ಎಂದು ಯಾರೋ ಅಂದದ್ದು ಕೇಳಿಸಿತು. ಅವ್ವನ ಕಡೆ ತಿರುಗಿದರೆ ಅವಳು ಎದ್ದು ಒಲೆಯ ಹತ್ತಿರವೇ ಹೋಗುತ್ತಿದ್ದಳು. ಮುಗಿಯಿತು, ಇನ್ನು ಆಟೋ ಕರೆಯುವುದೇ ಬಾಕಿ ಎಂದುಕೊಂಡೆ.

"ಯಾಕಪ್ಪಾ ಆರಿಸ್ತೀ?" ಎಂದು ಅವ್ವ ಮೆಲ್ಲಗೆ ಕೇಳಿದಳು.

ಅಣ್ಣನಿಗೆ ಅಷ್ಟರಲ್ಲಿ ಸಿಟ್ಟು ಬಂದಿತ್ತು. ಇಷ್ಟು ಜನ ದೊಡ್ಡವರು, ಇಷ್ಟೂ ಗೊತ್ತಿಲ್ಲವೇ ಎಂಬ ಮುಖ. "ಚೆಲ್ಲಿದ್ರೆ ಬೆಂಕಿ ಆರುತ್ತೆ. ಗ್ಯಾಸ್ ಬರ್ತಾನೇ ಇರುತ್ತೆ. ಎಲ್ರೂ ಸತ್ತೋಗ್ತಾರೆ," ಎಂದ.

ಹೊಸ ಮನೆಯಲ್ಲಿ, ಶುಭ ಮುಹೂರ್ತದಲ್ಲಿ, ಗಟ್ಟಿ ದನಿಯಲ್ಲಿ ಆ ಮಾತು. ಹಿಂದೆ ನಿಂತಿದ್ದ ಸೆಂಟರಿನ ಟೀಚರ್ ಕೆಂಪಗಾಗಿ ಮುಂದೆ ಬಂದರು. ತಪ್ಪೆಲ್ಲ ತಮ್ಮದೇ ಎಂದರು. ಎಂಟು ತಿಂಗಳು ದಿನಾ ಹಾಲು ಕಾಯಿಸಿ ಅವನಿಗೆ ಹೇಳಿಕೊಟ್ಟಿದ್ದರಂತೆ, ಹಾಲು ಅಂಚಿಗೆ ಬಂದ ಕೂಡಲೇ ಆರಿಸಬೇಕು, ಯಾರು ಏನೇ ಹೇಳಿದರೂ ಕೇಳಬಾರದು, ಚೆಲ್ಲಿದರೆ ಅಪಾಯ ಎಂದು. ಇನ್ನೂರು ಸಲವಾದರೂ ಕಾಯಿಸಿರಬೇಕು, ಒಂದು ದಿನವೂ ತಪ್ಪಿಲ್ಲ. ಮನೆ ತೆರೆಯುವ ದಿನ ಅದೇ ಹಾಲು ಚೆಲ್ಲಲೇಬೇಕು ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಮೊದಲು ನಕ್ಕವನು ವೀಲ್‌ಚೇರಿನ ಹುಡುಗ. ಆಮೇಲೆ ಟೀಚರ್, ಆಮೇಲೆ ಮೇಸ್ತ್ರಿ, ಆಮೇಲೆ ಇಡೀ ಮನೆ. ನನಗೆ ನಗುವೋ ಅಳುವೋ ತಿಳಿಯದಂತಾಗಿ ಗೋಡೆಗೆ ಒರಗಿದೆ. ನಗದೆ ಉಳಿದವರು ಇಬ್ಬರು, ಅಣ್ಣ ಮತ್ತು ಓನರ್. ಓನರಿಗೆ ಹಾಲಿನದೇ ಚಿಂತೆ. ತಲೆ ಕೆರೆದುಕೊಳ್ಳುತ್ತ ಅಂಗಳಕ್ಕೆ ಹೋದರು. ಕಟ್ಟಡದಿಂದ ಉಳಿದಿದ್ದ ಮೂರು ಇಟ್ಟಿಗೆ ತಂದು ಒಲೆ ಹೂಡಿದರು, ಛಾವಣಿ ಹಾಕಲು ಬಳಸಿದ್ದ ಸೆಂಟ್ರಿಂಗ್ ಹಲಗೆಯ ಚೂರುಗಳನ್ನು ಒಳಗಿಟ್ಟರು, ಪಾತ್ರೆಯನ್ನು ಮೇಲೇರಿಸಿದರು. ಅಣ್ಣನನ್ನು ಕರೆದು, "ಇಲ್ಲಿ ಗ್ಯಾಸ್ ಇಲ್ಲ ಕಣಪ್ಪ. ನೋಡ್ಕೋ ಬೇಕಾದ್ರೆ. ಈಗ ಉಕ್ಬೌದಾ?" ಎಂದು ಕೇಳಿದರು.

ಅಣ್ಣ ಕುಕ್ಕರುಗಾಲಿನಲ್ಲಿ ಕೂತು ಒಲೆಯ ಮೂರು ಕಡೆಯೂ ಬಗ್ಗಿ ನೋಡಿದ. ಪೈಪಿಲ್ಲ, ತಿರುಗಿಸುವ ಕಿವಿ ಇಲ್ಲ. ಎದ್ದು ನಿಂತು, ಎಲ್ಲರೂ ಹಿಂದೆ ಸರಿಯಿರಿ ಎಂದು ಕೈ ಮಾಡಿದ. ನಾವು ಮೂವತ್ತು ಜನವೂ ಹಿಂದೆ ಸರಿದೆವು. ಆಮೇಲೆ ಉಕ್ಬೌದು ಎಂದು ಅಪ್ಪಣೆ ಕೊಟ್ಟ.

ಹಾಲು ಉಕ್ಕಿತು ನೋಡಿ. ನಾಲ್ಕು ಕಡೆಯೂ ಸುರಿದು, ಬೆಂಕಿಯನ್ನೇ ಆರಿಸಿ, ಹೊಗೆ ಎಬ್ಬಿಸಿ, ಅಂಗಳದಲ್ಲಿ ಹರಿಯಿತು. ಓನರ್ ಕೈ ಮುಗಿದರು. ಮೇಸ್ತ್ರಿಯ ಹೆಂಡತಿ ಹೋ ಎಂದು ಕೂಗು ಹಾಕಿದಳು. ನಾನು ಜೀವಮಾನದಲ್ಲಿ ಅಷ್ಟು ಜೋರಾಗಿ ಚಪ್ಪಾಳೆ ಹೊಡೆದಿಲ್ಲ, ಅಂಗೈ ಉರಿಯುತ್ತಿತ್ತು.

ಆ ಗಲಾಟೆಯಲ್ಲಿ ಅವ್ವ ಕಾಣಲಿಲ್ಲ. ಒಳಗೆ ಹೋದರೆ, ಅಡುಗೆಮನೆಯಲ್ಲಿ ಆರಿದ ಗ್ಯಾಸ್ ಒಲೆಯ ಮುಂದೆ ಒಬ್ಬಳೇ ನಿಂತಿದ್ದಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಲವತ್ತಾರು ವರ್ಷ ಒಲೆ ಹತ್ರ ಬಿಡ್ಲಿಲ್ಲ ಅವನ್ನ," ಎಂದಳು. "ಮೂವತ್ತು ಜನ ಕೂಗಿದ್ರೂ ಕೇಳ್ಲಿಲ್ಲ ನೋಡವಾ. ನಾನಾಗಿದ್ರೆ ಚೆಲ್ಲಲಿ ಅಂತ ಬಿಟ್ ಬಿಡ್ತಿದ್ದೆ."

ನಾನು ಹತ್ತಿರ ಹೋದೆ. ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಂಡು, ನಿಂತು ಏನು ನೋಡುತ್ತೀ, ಮನೆಗೆ ಹೋಗಿ ಅವನ ಉಳಿದ ಬಟ್ಟೆಯೆಲ್ಲ ತಗೊಂಡು ಬಾ, ದಪ್ಪ ಹೊದಿಕೆ ಮರೆಯಬೇಡ ಎಂದು ಗದರಿದಳು. ನಾನು ಆಟೋದಲ್ಲಿ ಹೋಗುವಾಗಲೂ ಬರುವಾಗಲೂ ಅಳುತ್ತಲೇ ಇದ್ದೆ. ಡ್ರೈವರ್ ಪಾಪ, ಎರಡು ಸಲ ಹಿಂದೆ ತಿರುಗಿ ನೋಡಿದ. ಏನೂ ಇಲ್ಲಪ್ಪ, ನಮ್ಮಣ್ಣ ಮನೆ ಮಾಡಿದ್ದಾನೆ ಎಂದೆ. ಕಂಗ್ರಾಟ್ಸ್ ಮೇಡಂ ಎಂದ.

ಸಂಜೆ ಐದಕ್ಕೆ ಹೊರಟೆವು. ಅವ್ವ ಗೇಟಿನಲ್ಲಿ ನಿಂತು ಅಣ್ಣನಿಗೆ ಹೇಳಲು ಶುರುಮಾಡಿದಳು. ಬಿಸಿನೀರು ಬೆರೆಸಿಕೋ, ಸ್ವೆಟರ್ ಹಾಕಿಕೋ, ಮೊಸರು ರಾತ್ರಿ ಬೇಡ, ಯಾರಾದರೂ ಬಾಗಿಲು ತಟ್ಟಿದರೆ ಹೀಗೆ ಮಾಡು. ಅವನು ಒಂದೊಂದಕ್ಕೂ ಹೂಂ ಎಂದ. ಒಳಗೆ ಕೇರಂ ಬೋರ್ಡ್ ಹಾಕಿ ಉಳಿದ ಮೂವರು ಅವನನ್ನು ಕರೆಯುತ್ತಿದ್ದರು. ಅವ್ವನ ಪಟ್ಟಿ ಮುಗಿಯುವಂತೆ ಕಾಣಲಿಲ್ಲ. ಅಣ್ಣ ಗೇಟಿನ ಮೇಲೆ ಕೈ ಇಟ್ಟ.

"ಆಯ್ತವ್ವ. ಹೊರಡು. ಇನ್ಮೇಲೆ ಬರೋವಾಗ ಮಿಸ್ ಕಾಲ್ ಕೊಡು. ನಾವು ಮನೇಲಿ ಇರ್ತೀವೋ ಇಲ್ವೋ," ಎಂದು ಗೇಟು ಹಾಕಿಕೊಂಡು ಒಳಗೆ ಹೋದ.

ಅವನ ಬಾಯಲ್ಲಿ ಅಷ್ಟು ಉದ್ದದ ಮಾತು ನಾವು ಕೇಳಿದ್ದೇ ಇಲ್ಲ. ಅವ್ವ ಮುಚ್ಚಿದ ಗೇಟನ್ನು ನೋಡಿದಳು, ನನ್ನನ್ನು ನೋಡಿದಳು. ಮನೆ ತಲುಪುವವರೆಗೂ ನಕ್ಕಳು. ಮನೇಲಿ ಇರ್ತೀವೋ ಇಲ್ವೋ ಅಂತಾನಲ್ಲೇ ಎಂದು ಮತ್ತೆ ಮತ್ತೆ ಹೇಳಿಕೊಂಡು ನಕ್ಕಳು. ಆ ರಾತ್ರಿ ಮಾತ್ರ ಅವನ ಖಾಲಿ ಹಾಸಿಗೆಯ ಪಕ್ಕದಲ್ಲೇ ಮಲಗಿದಳು.

ಮುಂದಿನ ಭಾನುವಾರ ಅವ್ವ ಬೆಳಿಗ್ಗೆಯೇ ಒಳ್ಳೆಯ ಇಳಕಲ್ ಸೀರೆ ಉಟ್ಟು, ಡಬ್ಬಿಗೆ ಚಟ್ನಿಪುಡಿ ತುಂಬಿ, ತಲೆಗೆ ಹೂ ಮುಡಿದು ಸೋಫಾದಲ್ಲಿ ಕೂತಳು. ನನ್ನ ಫೋನ್ ಇಸಿದುಕೊಂಡು ಆ ಮನೆಗೆ ಮಿಸ್ ಕಾಲ್ ಕೊಟ್ಟಳು. ಆಮೇಲೆ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾದಳು. ಆಟೋ ಹೇಳಲಾ ಎಂದೆ, ತಡಿ ಎಂದಳು. ತಿಂಡಿ ತಿನ್ನು ಎಂದೆ, ತಡಿಯೇ ಎಂದಳು. ಇಪ್ಪತ್ತು ನಿಮಿಷದ ಮೇಲೆ ಫೋನು ಹೊಡೆದುಕೊಂಡಿತು. ಎರಡೂ ಕೈಯಲ್ಲಿ ಹಿಡಿದು ಕಿವಿಗಿಟ್ಟುಕೊಂಡಳು. ಆ ಕಡೆಯಿಂದ ಒಂದೇ ಪದ ಬಂದಿರಬೇಕು.

"ಬಾ ಅಂದ. ನಡಿಯವಾ," ಎಂದು ಅವ್ವ ಚಪ್ಪಲಿ ಹುಡುಕಿದಳು.